ಹೆದರಿದವರ ಮೇಲೆ ಹಾವು ಎಸೆಯದಿರೋಣ
ಸಾಮಾನ್ಯ ಭೀತಿರೋಗಗಳು: ಲಕ್ಷಣ, ಕಾರಣ ಮತ್ತು ಚಿಕಿತ್ಸೆ

ಪೀಠಿಕೆ

ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ರಾಯಿಕೋಡಿನ ಸಮೀಪದ ಹಳ್ಳಿಯೊಂದರಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುವವಳು. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತೆಲುಗು, ಸಂತೆಯಲ್ಲಿ ದಖನಿ ಉರ್ದು ಆಡುವವಳು. ಹಳಗನ್ನಡ ಪದ್ಯವನ್ನು ಅನ್ವಯಿಸಿ ಅರ್ಥ ಬರೆಯುವುದರಲ್ಲಿ ತರಗತಿಗೇ ಮುಂದು. ಆದರೆ ವಿಭಾಗದ ವಿಚಾರಗೋಷ್ಠಿಯಲ್ಲಿ ಪ್ರಬಂಧ ಓದುವ ಸರದಿ ಬಂದ ದಿನ ಅವಳು ಕಾಲೇಜಿಗೇ ಬರುವುದಿಲ್ಲ. ಮೊದಲ ಸಲ ಜ್ವರವೆಂದಳು, ಎರಡನೆಯ ಸಲ ಮನೆಯಲ್ಲಿ ಕೆಲಸವೆಂದಳು, ಮೂರನೆಯ ಸಲ ಕಾರಣವನ್ನೇ ಹೇಳಲಿಲ್ಲ. ಈಗ ಮೌಖಿಕ ಪರೀಕ್ಷೆ ಇರುವ ಯಾವ ಕೋರ್ಸಿಗೂ ಸೇರಬಾರದೆಂದು ನಿಶ್ಚಯಿಸಿಕೊಂಡಿದ್ದಾಳೆ. ಗೆಳತಿಯರು ‘ಪುಕ್ಕಲಿ’ ಎಂದು ನಗುತ್ತಾರೆ. ಹಿರಿಯರೊಬ್ಬರು ‘ಒಂದು ಸಲ ವೇದಿಕೆಗೆ ತಳ್ಳಿಬಿಡಿ, ತಾನೇ ಸರಿಹೋಗುತ್ತಾಳೆ’ ಎನ್ನುತ್ತಾರೆ. ಮನೆಯಲ್ಲಿ ತಾಯಿ ‘ಅಷ್ಟು ತ್ರಾಸಾದರ ಬಿಟ್ಟುಬಿಡವ್ವ’ ಎನ್ನುತ್ತಾಳೆ.

ನಗುವುದು, ತಳ್ಳುವುದು, ಬಿಟ್ಟುಬಿಡುವುದು: ಭಯಪಟ್ಟವರೊಡನೆ ನಾವು ಸಾಮಾನ್ಯವಾಗಿ ನಡೆದುಕೊಳ್ಳುವ ಮೂರು ಬಗೆಗಳಿವು. ಮೂರರಲ್ಲಿಯೂ ಕೆಟ್ಟ ಉದ್ದೇಶವಿಲ್ಲ. ಆದರೂ ಮೂರೂ ಭಯವನ್ನು ಬೆಳೆಸುತ್ತವೆ. ‘ಹೆದರಿದವರ ಮೇಲೆ ಹಾವು ಎಸೆದಂತೆ’ ಎಂಬ ಗಾದೆ ತಳ್ಳುವವರಿಗೆ ಬುದ್ಧಿ ಹೇಳುತ್ತದೆ. ಹಾವನ್ನು ಎಸೆಯಲೂ ಕೂಡದು, ಜನ್ಮವೆಲ್ಲ ಹಾವಿನಿಂದ ಓಡಲೂ ಕೂಡದು ಎಂದಾದರೆ ಮಾಡಬೇಕಾದುದೇನು ಎಂಬ ಪ್ರಶ್ನೆಗೆ ಕಳೆದ ನೂರು ವರ್ಷಗಳಲ್ಲಿ ಮನಶ್ಶಾಸ್ತ್ರವು ಸ್ಪಷ್ಟವಾದ ಉತ್ತರವನ್ನು ಕಂಡುಕೊಂಡಿದೆ. ಆ ಉತ್ತರವನ್ನು ತಿಳಿಯುವುದೇ ಈ ಪಾಠದ ಉದ್ದೇಶ.

ಭಯ ಮತ್ತು ಭೀತಿರೋಗ

ಭಯವು ಪ್ರಾಣಿಮಾತ್ರಕ್ಕೆ ಸಹಜವಾದುದು. ಅದು ಜೀವರಕ್ಷಕವೂ ಹೌದು. ಮಳೆಗಾಲದ ಮುಸ್ಸಂಜೆಯಲ್ಲಿ ತೊಗರಿ ಹೊಲಕ್ಕೆ ಕಾಲಿಡುವ ರೈತ ಕೈಯಲ್ಲಿ ಬ್ಯಾಟರಿ ಹಿಡಿದು, ಕೋಲಿನಿಂದ ನೆಲವನ್ನು ಕುಟ್ಟುತ್ತ ನಡೆಯುತ್ತಾನೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಇವುಗಳ ವಿಷ ಪ್ರಾಣಾಂತಿಕವೆಂದು ಅವನು ಬಲ್ಲ. ಇದು ವಿವೇಕದ ಭಯ. ಅದೇ ರೈತ ಕೇರೆಹಾವನ್ನು ದೂರದಿಂದ ಕಂಡ ಮಾತ್ರಕ್ಕೆ ಹೊಲದ ಕಡೆ ಹೋಗುವುದನ್ನೇ ಬಿಟ್ಟರೆ, ಪುಸ್ತಕದಲ್ಲಿ ಹಾವಿನ ಚಿತ್ರವಿರುವ ಪುಟವನ್ನು ಮುಟ್ಟಲಾರದೆ ಹೋದರೆ, ಮೂಲೆಯಲ್ಲಿ ಬಿದ್ದ ಹಗ್ಗಕ್ಕೂ ಬೆವೆತರೆ, ಆಗ ಅದು ಭೀತಿರೋಗವಾಗುತ್ತದೆ. ಇಂಗ್ಲಿಷಿನಿಂದ ಬಂದ ‘ಫೋಬಿಯಾ’ ಎಂಬ ಪದವೂ ಈಗ ನಮ್ಮ ಬಳಕೆಯಲ್ಲಿದೆ. ಅದರ ಮೂಲವಾದ ಗ್ರೀಕ್ ಪದ ‘ಫೋಬೋಸ್’ ಹೋಮರನ ಕಾವ್ಯಗಳಲ್ಲಿ ರಣರಂಗದಿಂದ ದಿಕ್ಕೆಟ್ಟು ಓಡುವುದನ್ನು ಸೂಚಿಸುತ್ತದೆ. ಪದದ ಹುಟ್ಟಿನಲ್ಲಿಯೇ ಓಟವಿದೆ ಎಂಬುದನ್ನು ನೆನಪಿಡಬೇಕು. ಈ ರೋಗದ ತಿರುಳು ಅದೇ ಆಗಿದೆ.

ಭೀತಿರೋಗವನ್ನು ಗುರುತಿಸಲು ವೈದ್ಯರು ಮುಖ್ಯವಾಗಿ ನಾಲ್ಕು ಅಂಶಗಳನ್ನು ನೋಡುತ್ತಾರೆ. ಒಂದು, ಭಯವು ಇರುವ ಅಪಾಯಕ್ಕಿಂತ ಅತಿಯಾಗಿರುವುದು. ಎರಡು, ಆ ವಸ್ತು ಅಥವಾ ಸನ್ನಿವೇಶ ಎದುರಾದಾಗಲೆಲ್ಲ ಹೆಚ್ಚುಕಡಿಮೆ ತಪ್ಪದೆ, ಒಡನೆಯೇ ಭಯ ಹುಟ್ಟುವುದು. ಮೂರು, ಅದನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಓದು, ಉದ್ಯೋಗ, ಸಂಬಂಧಗಳು ಹಾನಿಗೊಳ್ಳುವುದು ಅಥವಾ ಅದನ್ನು ಸಹಿಸುವುದೇ ತೀವ್ರ ಸಂಕಟವಾಗುವುದು. ನಾಲ್ಕು, ಈ ಸ್ಥಿತಿ ಬಹುಕಾಲ ಉಳಿಯುವುದು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯು ಈ ಅವಧಿಯನ್ನು ಸಾಮಾನ್ಯವಾಗಿ 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಎಂದು ಹೇಳುತ್ತದೆ. ನಿನ್ನೆ ನಾಯಿ ಅಟ್ಟಿಸಿಕೊಂಡು ಬಂದುದರಿಂದ ಇಂದು ಆ ಓಣಿಗೆ ಹೋಗಲು ಅಳುಕಿದರೆ ಅದು ರೋಗವಲ್ಲ.

ಇದು ವಿರಳವಾದ ವ್ಯಾಧಿಯೂ ಅಲ್ಲ. 22 ದೇಶಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ಶೇಕಡ 7.4ರಷ್ಟು ಜನರು ಜೀವಿತದಲ್ಲಿ ಒಮ್ಮೆಯಾದರೂ ಯಾವುದಾದರೊಂದು ನಿರ್ದಿಷ್ಟ ಭೀತಿಗೆ ಒಳಗಾಗುತ್ತಾರೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹೆಚ್ಚು.

ಮೂರು ಮುಖ್ಯ ಬಗೆಗಳು

1. ನಿರ್ದಿಷ್ಟ ಭೀತಿ: ಒಂದು ಗೊತ್ತಾದ ವಸ್ತು ಅಥವಾ ಸನ್ನಿವೇಶಕ್ಕೆ ಸಂಬಂಧಿಸಿದ ಭಯ. ಇದನ್ನು ಮತ್ತೆ ಐದಾಗಿ ವಿಂಗಡಿಸುತ್ತಾರೆ. ಹಾವು, ಹಲ್ಲಿ, ನಾಯಿ, ಜಿರಳೆ ಮುಂತಾದ ಪ್ರಾಣಿಗಳ ಭಯ ಮೊದಲನೆಯದು. ಇದು ಬಹುಪಾಲು ಬಾಲ್ಯದಲ್ಲಿಯೇ ಮೊದಲಾಗುತ್ತದೆ. ಗುಡುಗು-ಸಿಡಿಲು, ತುಂಬಿ ಹರಿಯುವ ನೀರು, ಎತ್ತರ ಇವು ನಿಸರ್ಗಕ್ಕೆ ಸಂಬಂಧಿಸಿದವು. ಮಂಜೀರಾ ನದಿ ತುಂಬಿದಾಗ ಸೇತುವೆ ದಾಟಲಾರದವರು, ತಾಂಡೂರಿನ ಕಲ್ಲುಗಣಿಯ ಅಂಚಿನಿಂದ ಬಹುದೂರ ನಿಂತರೂ ತಲೆ ಸುತ್ತುವವರು ಈ ಗುಂಪಿಗೆ ಸೇರುತ್ತಾರೆ. ರಕ್ತ, ಗಾಯ, ಸೂಜಿ ಇವುಗಳ ಭಯ ಮೂರನೆಯದು. ಲಿಫ್ಟು, ವಿಮಾನ, ಇಕ್ಕಟ್ಟಾದ ಕೋಣೆ ಮುಂತಾದ ಸನ್ನಿವೇಶಗಳ ಭಯ ನಾಲ್ಕನೆಯದು. ಉಸಿರುಗಟ್ಟುವ ಭಯ, ವಾಂತಿಯ ಭಯ ಮೊದಲಾದ ಉಳಿದವು ಐದನೆಯದು.

2. ಸಾಮಾಜಿಕ ಭೀತಿ: ನಾಲ್ಕು ಜನ ನನ್ನನ್ನು ನೋಡುತ್ತಾರೆ, ಅಳೆಯುತ್ತಾರೆ, ನಗುತ್ತಾರೆ ಎಂಬ ಭಯ. ವೇದಿಕೆಯ ಮೇಲೆ ಮಾತನಾಡುವುದು, ಅಧಿಕಾರಿಯ ಮುಂದೆ ಸಹಿ ಹಾಕುವುದು, ಪರಿಚಯವಿಲ್ಲದವರ ಎದುರು ಊಟ ಮಾಡುವುದು ಸಹ ಕಷ್ಟವಾಗಬಹುದು. ಇದು ಹೆಚ್ಚಾಗಿ ಹದಿಹರೆಯದಲ್ಲಿ ಕಾಣಿಸಿಕೊಳ್ಳುತ್ತದೆ. ನಾಚಿಕೆಯ ಸ್ವಭಾವವೇ ಬೇರೆ, ಈ ರೋಗವೇ ಬೇರೆ. ನಾಚುವವನು ಹಿಂಜರಿದರೂ ತನ್ನ ಕೆಲಸವನ್ನು ಮಾಡಿ ಮುಗಿಸುತ್ತಾನೆ. ಭೀತಿಗೊಳಗಾದವನು ಆ ಕೆಲಸವನ್ನೇ ತನ್ನ ಬದುಕಿನಿಂದ ತೆಗೆದುಹಾಕುತ್ತಾನೆ.

3. ಬಯಲುಭೀತಿ: ಹೆಸರು ಬಯಲಿನದಾದರೂ ಇದು ಬರಿಯ ಬಯಲಿನ ಭಯವಲ್ಲ. ‘ಇಲ್ಲಿ ನನಗೇನಾದರೂ ಆದರೆ ಹೊರಬರಲಾರೆ, ನೆರವು ಸಿಗಲಾರದು’ ಎಂಬ ಭಯ. ತುಂಬಿದ ಬಸ್ಸು, ಸಂತೆ, ಉದ್ದದ ಸಾಲು, ಮನೆಯಿಂದ ಒಬ್ಬರೇ ಹೊರಡುವುದು ಇವು ಅಸಾಧ್ಯವಾಗುತ್ತವೆ. ಶಿವರಾತ್ರಿಯಲ್ಲಿ ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಗೆ ವರ್ಷವೂ ತಪ್ಪದೆ ಹೋಗುತ್ತಿದ್ದವರು ಒಮ್ಮೆ ಜನಸಂದಣಿಯಲ್ಲಿ ಎದೆ ಹಿಡಿದಂತಾಗಿ, ಅಂದಿನಿಂದ ಊರ ಸಂತೆಗೂ ಹೋಗದಂತಾದರೆ, ಈ ರೋಗವಿರಬಹುದೇ ಎಂದು ಯೋಚಿಸಬೇಕು.

ಲಕ್ಷಣಗಳು: ಸಾತ್ತ್ವಿಕ ಭಾವಗಳ ಬೆಳಕಿನಲ್ಲಿ

ಕಾವ್ಯಮೀಮಾಂಸೆಯನ್ನು ಓದಿದ ನಮಗೆ ಭೀತಿಯ ಲಕ್ಷಣಗಳು ಹೊಸವಲ್ಲ. ಭರತನ ನಾಟ್ಯಶಾಸ್ತ್ರವು ಭಯಾನಕವನ್ನು ಒಂದು ರಸವೆಂದೂ ಭಯವನ್ನು ಅದರ ಸ್ಥಾಯಿಭಾವವೆಂದೂ ಹೇಳಿತು. ಅಲ್ಲಿ ಬರುವ ಎಂಟು ಸಾತ್ತ್ವಿಕ ಭಾವಗಳನ್ನು ಇಂದಿನ ವೈದ್ಯಕೀಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಸ್ತಂಭ ಎಂದರೆ ಕೈಕಾಲು ಮರಗಟ್ಟಿ ನಿಲ್ಲುವುದು. ಸ್ವೇದ, ಬೆವರುವುದು. ರೋಮಾಂಚ, ಮೈನವಿರೇಳುವುದು. ಸ್ವರಭೇದ, ಗಂಟಲು ಕಟ್ಟಿ ದನಿ ಬದಲಾಗುವುದು. ವೇಪಥು, ನಡುಕ. ವೈವರ್ಣ್ಯ, ಮುಖ ಬಿಳಿಚಿಕೊಳ್ಳುವುದು. ಅಶ್ರು, ಕಣ್ಣೀರು. ಪ್ರಳಯ, ಎಚ್ಚರದಪ್ಪುವುದು. ವೈದ್ಯರು ಇವುಗಳೊಡನೆ ಎದೆಬಡಿತದ ಹೆಚ್ಚಳ, ಏದುಸಿರು, ಬಾಯಿ ಒಣಗುವುದು, ಹೊಟ್ಟೆ ತೊಳಸುವುದು, ತಲೆಸುತ್ತು ಇವನ್ನು ಸೇರಿಸುತ್ತಾರೆ. ನಮ್ಮ ಆಡುಮಾತು ಇವನ್ನೂ ಬಲ್ಲದು. ‘ಎದೆ ಝಲ್ಲೆಂದಿತು’, ‘ನಾಲಿಗೆ ಹೊರಳಲಿಲ್ಲ’, ‘ಜೀವ ಬಾಯಿಗೆ ಬಂತು’, ‘ಕಣ್ಣಿಗೆ ಕತ್ತಲೆ ಕವಿಯಿತು’ ಎಂಬ ನುಡಿಗಟ್ಟುಗಳು ಒಂದೊಂದೂ ಒಂದು ರೋಗಲಕ್ಷಣದ ವರ್ಣನೆ.

ಶರೀರದಲ್ಲಿ ನಡೆಯುವುದು ಹೀಗೆ. ಮಿದುಳಿನ ಆಳದಲ್ಲಿ ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗವಿದೆ. ಅಪಾಯದ ಸುಳಿವು ಸಿಕ್ಕೊಡನೆ ಅದು ಎಚ್ಚರಿಕೆ ಕೊಡುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಹೃದಯ ವೇಗವಾಗಿ ಬಡಿದು ಸ್ನಾಯುಗಳಿಗೆ ರಕ್ತವನ್ನು ಒದಗಿಸುತ್ತದೆ. ಕಾದಾಡಲು ಅಥವಾ ಓಡಲು ದೇಹ ಮಾಡಿಕೊಳ್ಳುವ ಸಿದ್ಧತೆಯಿದು. ಸಿದ್ಧತೆಯಲ್ಲಿ ದೋಷವಿಲ್ಲ, ಹಲ್ಲಿಗಾಗಿ ಹುಲಿಯನ್ನೆದುರಿಸುವ ಸಿದ್ಧತೆ ನಡೆಯುವುದೇ ತೊಂದರೆ. ಸಾತ್ತ್ವಿಕ ಭಾವಗಳು ಭಯಾನಕಕ್ಕೆ ಮಾತ್ರ ಮೀಸಲಲ್ಲ, ಶೃಂಗಾರದಲ್ಲಿಯೂ ಬರುತ್ತವೆ ಎಂಬುದನ್ನು ಇಲ್ಲಿ ನೆನೆಯಬೇಕು. ಬೆವರು, ನಡುಕ, ಎದೆಬಡಿತ ತಮ್ಮಷ್ಟಕ್ಕೆ ಅಪಾಯಕಾರಿಯಲ್ಲ. ಅವುಗಳಿಗೆ ಮನಸ್ಸು ಕೊಡುವ ಅರ್ಥವೇ ಮುಖ್ಯ. ‘ನಾನು ಸತ್ತೇಹೋಗುತ್ತೇನೆ’, ‘ಎಲ್ಲರೆದುರು ಮಾನ ಹೋಗುತ್ತದೆ’ ಎಂಬ ಆಲೋಚನೆ ಸೇರಿದಾಗ ಭಯ ಇಮ್ಮಡಿಯಾಗುತ್ತದೆ.

ರಕ್ತ ಮತ್ತು ಸೂಜಿಯ ಭೀತಿ ಒಂದು ವಿಷಯದಲ್ಲಿ ಉಳಿದವುಗಳಿಂದ ಬೇರೆಯಾಗಿದೆ. ಉಳಿದ ಭೀತಿಗಳಲ್ಲಿ ರಕ್ತದೊತ್ತಡ ಏರುತ್ತದೆ. ಮೂರ್ಛೆ ಹೋಗುವುದು ಅಪರೂಪ. ಇಲ್ಲಿ ಒತ್ತಡ ಮೊದಲು ಏರಿ, ಒಮ್ಮೆಲೇ ಇಳಿದು, ಹೃದಯದ ಗತಿ ತಗ್ಗಿ, ಮನುಷ್ಯ ನಿಂತಲ್ಲೇ ಕುಸಿಯಬಹುದು. ಭರತನು ಹೇಳಿದ ‘ಪ್ರಳಯ’ ಇಲ್ಲಿ ಅಕ್ಷರಶಃ ಕಾಣಸಿಗುತ್ತದೆ. ಇದು ಹಲವು ಸಲ ಒಂದೇ ಕುಟುಂಬದಲ್ಲಿ ಕಂಡುಬರುತ್ತದೆ.

ಭೀತಿ ಹುಟ್ಟುವ ಬಗೆ

ಭಯವನ್ನು ಕಲಿಯಬಹುದು ಎಂಬುದನ್ನು ತೋರಿಸಿದ ಪ್ರಯೋಗವೊಂದು 1920ರಲ್ಲಿ ಪ್ರಕಟವಾಯಿತು. ಅಮೆರಿಕದ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಅವರು, ಬಿಳಿ ಇಲಿಯನ್ನು ಹೆದರದೆ ಮುಟ್ಟುತ್ತಿದ್ದ ಆಲ್ಬರ್ಟ್ ಎಂಬ ಕೂಸಿನ ಬೆನ್ನ ಹಿಂದೆ ಉಕ್ಕಿನ ಸಲಾಕೆಯನ್ನು ಸುತ್ತಿಗೆಯಿಂದ ಬಡಿದರು. ಇಲಿಯೊಡನೆ ಆ ಸದ್ದನ್ನು ಹಲವು ಬಾರಿ ಜೋಡಿಸಿದ ಮೇಲೆ ಕೂಸು ಇಲಿಯನ್ನು ಕಂಡೊಡನೆ ಅಳತೊಡಗಿತು. ಮೊಲ ಮೊದಲಾದ ತುಪ್ಪಳದ ವಸ್ತುಗಳಿಗೂ ಹೆದರತೊಡಗಿತು. ಕಲಿಸಿದ ಭಯವನ್ನು ಅವರು ಬಿಡಿಸಲೇ ಇಲ್ಲ. ಇಂದು ಅಂತಹ ಪ್ರಯೋಗಕ್ಕೆ ಯಾರೂ ಒಪ್ಪಲಾರರು. ಅದರ ಪಾಠ ಮಾತ್ರ ಉಳಿದಿದೆ.

ಸ್ವಂತ ಕಹಿ ಅನುಭವವೊಂದೇ ಭೀತಿಗೆ ಕಾರಣವಲ್ಲ. ಹಲ್ಲಿ ಕಂಡೊಡನೆ ಕಿರುಚುವ ತಾಯಿಯನ್ನು ನೋಡಿ ಮಗು ಕಲಿಯುತ್ತದೆ. ‘ಉಣ್ಣದಿದ್ದರೆ ಗುಮ್ಮ ಬರುತ್ತಾನೆ’, ‘ಅಳಬೇಡ, ಡಾಕ್ಟರು ಸೂಜಿ ಚುಚ್ಚುತ್ತಾರೆ’ ಎಂಬ ಮಾತುಗಳನ್ನು ಕೇಳಿ ಕಲಿಯುತ್ತದೆ. ಹುಟ್ಟಿನಿಂದ ಬಂದ ಅಂಜುವ ಸ್ವಭಾವವೂ ಸೇರುತ್ತದೆ. ನಿತ್ಯ ಅಪಘಾತಗಳನ್ನು ನೋಡಿದರೂ ಮೋಟಾರುಬೈಕಿನ ಭೀತಿಗಿಂತ ಹಾವಿನ ಭೀತಿಯೇ ಜನರಲ್ಲಿ ಹೆಚ್ಚು. ಪೂರ್ವಿಕರಿಗೆ ಅಪಾಯಕಾರಿಯಾಗಿದ್ದ ವಸ್ತುಗಳ ಭಯವನ್ನು ಬೇಗ ಕಲಿಯಲು ನಮ್ಮ ಮಿದುಳು ಮೊದಲೇ ಸಜ್ಜಾಗಿರಬಹುದು ಎಂದು ಮಾರ್ಟಿನ್ ಸೆಲಿಗ್‌ಮನ್ 1971ರಲ್ಲಿ ವಿವರಿಸಿದರು.

ಭೀತಿ ಉಳಿಯುವ ಬಗೆ

ಹುಟ್ಟಿದ ಭಯ ಕಾಲಕ್ರಮದಲ್ಲಿ ತಾನಾಗಿ ಏಕೆ ಆರಿಹೋಗುವುದಿಲ್ಲ? ಈ ಪಾಠದ ಮುಖ್ಯ ಮಾತು ಇಲ್ಲಿದೆ. ಭಯದ ಸನ್ನಿವೇಶದಿಂದ ತಪ್ಪಿಸಿಕೊಂಡ ಕ್ಷಣ ಮನಸ್ಸಿಗೆ ದೊಡ್ಡ ನೆಮ್ಮದಿಯಾಗುತ್ತದೆ. ಆ ನೆಮ್ಮದಿಯೇ ಬಹುಮಾನವಾಗಿ, ಮುಂದಿನ ಸಲವೂ ತಪ್ಪಿಸಿಕೊಳ್ಳುವಂತೆ ಪ್ರೇರಿಸುತ್ತದೆ. ‘ನಾನು ಹೋಗಲಿಲ್ಲ, ಆದ್ದರಿಂದ ಬದುಕಿದೆ’ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ‘ಹೋಗಿದ್ದರೂ ಏನೂ ಆಗುತ್ತಿರಲಿಲ್ಲ’ ಎಂಬುದನ್ನು ತಿಳಿಯುವ ಅವಕಾಶವೇ ಅದಕ್ಕೆ ದೊರೆಯುವುದಿಲ್ಲ. ವಿಚಾರಗೋಷ್ಠಿಯ ದಿನ ಮನೆಯಲ್ಲುಳಿದ ವಿದ್ಯಾರ್ಥಿನಿಗೆ ಅಂದು ಸಂಜೆ ಹಾಯೆನಿಸುತ್ತದೆ. ಮುಂದಿನ ಗೋಷ್ಠಿ ಇನ್ನಷ್ಟು ಭಯಂಕರವಾಗುತ್ತದೆ.

ಈ ತಪ್ಪಿಸಿಕೊಳ್ಳುವಿಕೆ ಭಾಷೆಯೊಳಗೂ ಇಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಹಾವು ಕಚ್ಚಿತೆನ್ನದೆ ‘ಹುಳ ಮುಟ್ಟಿತು’ ಎನ್ನುತ್ತಾರೆ. ತೆಲುಗಿನಲ್ಲಿಯೂ ‘ಪುರುಗು’ ಎಂಬ ಮಾತು ಹೀಗೆಯೇ ಬಳಕೆಯಾಗುತ್ತದೆ. ಹೆಸರನ್ನೇ ದೂರವಿಡುವ ಈ ರೂಢಿ ಜಾನಪದದಲ್ಲಿ ಸಹಜವಾದುದು, ಅದನ್ನು ರೋಗವೆನ್ನಲಾಗದು. ಆದರೆ ಭೀತಿರೋಗಿಯ ಮನಸ್ಸು ಇದೇ ಹಾದಿಯಲ್ಲಿ ಬಹುದೂರ ಸಾಗಿ ಹೆಸರು, ಚಿತ್ರ, ನೆನಪು ಎಲ್ಲವನ್ನೂ ದೂರವಿಡತೊಡಗುತ್ತದೆ. ಓಡಿದಷ್ಟೂ ಓಡುವ ಬಯಲು ಕಿರಿದಾಗುತ್ತದೆ.

ಕೆಲವು ಭೀತಿಗಳಲ್ಲಿ ಈ ಓಟದ ಬೆಲೆ ಪ್ರಾಣವೇ ಆಗಬಹುದು. ವಿಷದ ಹಾವು ಕಚ್ಚಿದಾಗ ಸಾಬೀತಾದ ಪ್ರತಿವಿಷವನ್ನು ರಕ್ತನಾಳದ ಮೂಲಕ ಸೂಜಿಯಿಂದಲೇ ಕೊಡಬೇಕು. ಹುಚ್ಚುನಾಯಿ ಕಚ್ಚಿದಾಗಿನ ಲಸಿಕೆಗೂ, ಗರ್ಭಿಣಿಯ ರಕ್ತಪರೀಕ್ಷೆಗೂ, ಮಧುಮೇಹಿಯ ಇನ್ಸುಲಿನ್ನಿಗೂ ಸೂಜಿ ಬೇಕೇ ಬೇಕು. ಸೂಜಿಗೆ ಅಂಜಿ ಆಸ್ಪತ್ರೆಗೆ ತಡವಾಗಿ ಹೋಗುವವನನ್ನು ನೋಡಿ ನಗುವುದು ಸುಲಭ. ಆ ನಗುವಿಗೆ ನಾಚಿ ಅವನು ತನ್ನ ಅಂಜಿಕೆಯನ್ನು ಇನ್ನಷ್ಟು ಬಚ್ಚಿಡುತ್ತಾನೆ.

ಚಿಕಿತ್ಸೆ: ಮೆಟ್ಟಿಲು ಮೆಟ್ಟಿಲಾಗಿ

ಗದುಗಿನ ಭಾರತದ ವಿರಾಟಪರ್ವವನ್ನು ನೆನೆಯಿರಿ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ಗಾದೆಯಾಗಿ ಹೋದ ಉತ್ತರಕುಮಾರನು ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಅವನ ಭಯವನ್ನು ರೋಗವೆನ್ನಲಾಗದು. ಎದುರಿದ್ದುದು ನಿಜವಾದ ಅಪಾಯವೇ. ನಮಗಿಲ್ಲಿ ಬೇಕಾದುದು ಬೃಹನ್ನಳೆ ಅವನನ್ನು ನಡೆಸಿಕೊಂಡ ರೀತಿ. ಓಡುವವನನ್ನು ಆಕೆ ಹಿಡಿದು ನಿಲ್ಲಿಸಿದಳು, ಆದರೆ ಬಿಲ್ಲು ಕೊಟ್ಟು ಸೇನೆಯ ಮುಂದೆ ತಳ್ಳಲಿಲ್ಲ. ಅರಮನೆಗೆ ಮರಳಿ ಕಳುಹಿಸಲೂ ಇಲ್ಲ. ನೀನು ಸಾರಥಿಯಾಗು, ಕಾದುವವನು ನಾನು ಎಂದು ಹೊರೆಯನ್ನು ಹಗುರ ಮಾಡಿದಳು. ಮೊದಲು ಬನ್ನಿಮರದ ಬಳಿಗೆ ಕರೆದೊಯ್ದು ಆಯುಧಗಳನ್ನು ಇಳಿಸುವ ಕೆಲಸ ಕೊಟ್ಟಳು. ಅಲ್ಲಿಯೂ ಹೆದರಿದವನಿಗೆ ಅವು ಯಾರ ಆಯುಧಗಳೆಂದು ತಿಳಿಯಹೇಳಿದಳು. ಆಮೇಲೆ ರಥ, ಆಮೇಲೆ ರಣರಂಗ. ಭೀತಿರೋಗದ ಇಂದಿನ ಚಿಕಿತ್ಸೆಯ ರೂಪರೇಷೆಯೂ ಇದೇ: ಓಟವನ್ನು ನಿಲ್ಲಿಸುವುದು, ಜೊತೆಗಿರುವುದು, ತಿಳಿಯಹೇಳುವುದು, ಸಣ್ಣ ಮೆಟ್ಟಿಲಿನಿಂದ ದೊಡ್ಡ ಮೆಟ್ಟಿಲಿಗೆ ನಡೆಸುವುದು.

ಇದನ್ನು ಶಾಸ್ತ್ರೀಯವಾಗಿ ಮೊದಲು ತೋರಿಸಿದವರಲ್ಲಿ ಮೇರಿ ಕವರ್ ಜೋನ್ಸ್ ಒಬ್ಬರು. 1924ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿನ ವೃತ್ತಾಂತವಿದೆ. ಮಗು ತನಗಿಷ್ಟವಾದ ತಿನಿಸನ್ನು ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿಟ್ಟರು. ಮಗು ಸಹಿಸಿಕೊಂಡಂತೆಲ್ಲ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಜೊತೆಗೆ ಬಿಟ್ಟರು. ಕೊನೆಗೆ ಪೀಟರ್ ಮೊಲವನ್ನು ನೇವರಿಸತೊಡಗಿದ. ದಕ್ಷಿಣ ಆಫ್ರಿಕದ ವೈದ್ಯ ಜೋಸೆಫ್ ವೋಲ್ಪೆ 1958ರಲ್ಲಿ ಹೊರತಂದ ಗ್ರಂಥದಲ್ಲಿ ಈ ಕ್ರಮಕ್ಕೆ ವ್ಯವಸ್ಥಿತ ರೂಪ ಕೊಟ್ಟರು. ರೋಗಿ ಮೊದಲು ಸ್ನಾಯುಗಳನ್ನು ಸಡಿಲಿಸಿ ಶಾಂತನಾಗುವುದನ್ನು ಕಲಿಯುತ್ತಾನೆ. ಬಳಿಕ ಭಯದ ಸನ್ನಿವೇಶಗಳನ್ನು ಕಿರಿದರಿಂದ ಹಿರಿದಕ್ಕೆ ಪಟ್ಟಿಮಾಡಿ ಒಂದೊಂದನ್ನೇ ಎದುರುಗೊಳ್ಳುತ್ತಾನೆ. ಮುಂದಿನ ದಶಕಗಳಲ್ಲಿ ಸನ್ನಿವೇಶವನ್ನು ನೇರವಾಗಿ, ಹಂತಹಂತವಾಗಿ ಎದುರುಗೊಳ್ಳುವ ಕ್ರಮವೇ ಪ್ರಧಾನವಾಯಿತು.

ನಮ್ಮ ವಿದ್ಯಾರ್ಥಿನಿಗಾಗಿ ಅಂತಹ ಒಂದು ಏಣಿಯನ್ನು ಕಟ್ಟೋಣ. ಭಯವೇ ಇಲ್ಲದಿದ್ದರೆ 0, ತಡೆಯಲಾರದ ಭಯಕ್ಕೆ 100 ಎಂದು ಅಂಕ ಕೊಡುತ್ತ ಹೋಗಬೇಕು. ಅಂಕಗಳನ್ನು ಕೊಡುವವಳು ಅವಳೇ. ಇಲ್ಲಿರುವುದು ಮಾದರಿ ಮಾತ್ರ.

1. ಮನೆಯಲ್ಲಿ ಒಬ್ಬಳೇ ಒಂದು ಪುಟವನ್ನು ಗಟ್ಟಿಯಾಗಿ ಓದುವುದು: 15
2. ಓದಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ತಾನೇ ಕೇಳುವುದು: 25
3. ಒಬ್ಬ ಗೆಳತಿಯ ಎದುರು ಓದುವುದು: 35
4. ಖಾಲಿ ತರಗತಿಯಲ್ಲಿ ನಾಲ್ಕೈದು ಗೆಳತಿಯರ ಎದುರು ಓದುವುದು: 50
5. ಪಾಠದ ನಡುವೆ ಎದ್ದುನಿಂತು ಅಧ್ಯಾಪಕರಿಗೆ ಒಂದು ಪ್ರಶ್ನೆ ಕೇಳುವುದು: 60
6. ತುಂಬಿದ ತರಗತಿಯಲ್ಲಿ ಪಠ್ಯದ ಒಂದು ಭಾಗವನ್ನು ಓದುವುದು: 70
7. ಅದೇ ತರಗತಿಯಲ್ಲಿ ಎರಡು ನಿಮಿಷ ಸ್ವಂತವಾಗಿ ಮಾತನಾಡುವುದು: 85
8. ವಿಚಾರಗೋಷ್ಠಿಯಲ್ಲಿ ಪ್ರಬಂಧ ಮಂಡಿಸುವುದು: 95

ಏಣಿ ಹತ್ತುವಾಗ ಪಾಲಿಸಬೇಕಾದ ನಿಯಮಗಳು ಕೆಲವು. ಭಯ ಏರಿತೆಂದು ನಡುವೆ ಓಡಿಬಾರದು. ಅದು ಏರಿ, ತುದಿ ಮುಟ್ಟಿ, ತಾನಾಗಿ ಇಳಿಯಲು ತೊಡಗುವವರೆಗೆ ಅಲ್ಲಿಯೇ ನಿಲ್ಲಬೇಕು. ಒಂದು ಮೆಟ್ಟಿಲು ಹಗುರವಾಗುವವರೆಗೆ ಅದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡಬೇಕು. ಮೆಟ್ಟಿಲು ತೀರ ಎತ್ತರವೆನಿಸಿದರೆ ನಡುವೆ ಇನ್ನೊಂದನ್ನು ಕಟ್ಟಿಕೊಳ್ಳಬೇಕು. ಕಾಗದದ ಮರೆಯಲ್ಲಿ ಮುಖ ಮುಚ್ಚಿಕೊಳ್ಳುವುದು, ಒಂದೇ ಉಸಿರಿಗೆ ಓದಿ ಮುಗಿಸುವುದು ಮುಂತಾದ ಗುಟ್ಟಿನ ಓಟಗಳನ್ನು ಕ್ರಮೇಣ ಬಿಡಬೇಕು. ಮುಂದಿನ ಮೆಟ್ಟಿಲಿಗೆ ಹೋಗುವ ನಿರ್ಧಾರ ಹತ್ತುವವಳದೇ ಆಗಿರಬೇಕು. ಹಳೆಯ ಭಯ ಸಂಪೂರ್ಣವಾಗಿ ಅಳಿಸಿಹೋಗುವುದಿಲ್ಲ. ಅದರ ಮೇಲೆ ‘ಇದು ಅಪಾಯವಲ್ಲ’ ಎಂಬ ಹೊಸ ತಿಳಿವು ಬೆಳೆಯುತ್ತದೆ. ಆದ್ದರಿಂದ ಬಹುದಿನ ಬಿಟ್ಟರೆ ಅಳುಕು ಮರಳಬಹುದು. ಅದು ಸೋಲಲ್ಲ; ಒಂದೆರಡು ಮೆಟ್ಟಿಲು ಇಳಿದು ಮತ್ತೆ ಹತ್ತಿದರಾಯಿತು.

ಸಾಮಾಜಿಕ ಭೀತಿ ಮತ್ತು ಬಯಲುಭೀತಿಗಳಲ್ಲಿ ಇದರೊಡನೆ ಆಲೋಚನೆಗಳನ್ನು ಪರೀಕ್ಷಿಸುವ ಚಿಕಿತ್ಸೆಯೂ ಬೇಕಾಗುತ್ತದೆ. ‘ನಾನು ತೊದಲಿದರೆ ಎಲ್ಲರೂ ನಗುತ್ತಾರೆ’ ಎಂಬುದು ಒಂದು ಊಹೆ. ಎಷ್ಟು ಜನ ನಕ್ಕರು, ನಕ್ಕರೆ ಏನಾಯಿತು ಎಂದು ಕಣ್ಣಾರೆ ನೋಡಿ ಆ ಊಹೆಯನ್ನು ಒರೆಗೆ ಹಚ್ಚುವುದನ್ನು ಚಿಕಿತ್ಸಕರು ಕಲಿಸುತ್ತಾರೆ. ನಿರ್ದಿಷ್ಟ ಭೀತಿಗಳಿಗಾದರೆ ಸ್ವೀಡನ್ನಿನ ಲಾರ್ಸ್-ಯೋರಾನ್ ಓಸ್ಟ್ ಅವರು ಹೆಚ್ಚೆಂದರೆ ಮೂರು ಗಂಟೆಗಳ ಒಂದೇ ಬೈಠಕ್ಕಿನಲ್ಲಿ ಮೆಟ್ಟಿಲುಗಳನ್ನು ಹತ್ತಿಸುವ ಕ್ರಮವನ್ನು 1989ರಲ್ಲಿ ವಿವರಿಸಿದ್ದಾರೆ.

ರಕ್ತ-ಸೂಜಿಯ ಭೀತಿಗೆ ಓಸ್ಟ್ ಮತ್ತು ಸಂಗಡಿಗರು ಬೇರೊಂದು ಉಪಾಯವನ್ನು ರೂಪಿಸಿದರು. ಇಲ್ಲಿ ರಕ್ತದೊತ್ತಡ ಇಳಿಯುವುದರಿಂದ ಮೈ ಸಡಿಲಿಸುವುದು ಮೂರ್ಛೆಗೆ ಸಹಾಯ ಮಾಡಿದಂತಾಗಬಹುದು. ಅದರ ಬದಲು ಕೈ, ಕಾಲು, ಎದೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡು, ಮುಖ ಬೆಚ್ಚಗಾಗುವವರೆಗೆ, ಬಿಗಿಹಿಡಿಯಬೇಕು. ಬಳಿಕ 20ರಿಂದ 30 ಸೆಕೆಂಡು ಸಹಜ ಸ್ಥಿತಿಗೆ ಮರಳಬೇಕು. ಹೀಗೆ ಐದು ಸಲ ಮಾಡಬೇಕು. ಸೂಜಿ ಚುಚ್ಚುವ ಹೊತ್ತಿನಲ್ಲಿ ಆ ತೋಳನ್ನು ಮಾತ್ರ ಸಡಿಲವಾಗಿಡಬೇಕು. ಹೃದ್ರೋಗ, ಅಧಿಕ ರಕ್ತದೊತ್ತಡ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ‘ನನಗೆ ತಲೆಸುತ್ತು ಬರುತ್ತದೆ, ಮಲಗಿಸಿ ಚುಚ್ಚಿರಿ’ ಎಂದು ದಾದಿಗೆ ಮುಂಚಿತವಾಗಿ ಹೇಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಔಷಧಗಳ ಪಾತ್ರವನ್ನೂ ತಿಳಿದಿರಬೇಕು. ಸಾಮಾಜಿಕ ಭೀತಿ ಮತ್ತು ಬಯಲುಭೀತಿಗಳಲ್ಲಿ ಸೆರೊಟೋನಿನ್ ವ್ಯವಸ್ಥೆಯ ಮೇಲೆ ಕೆಲಸ ಮಾಡುವ ಮಾತ್ರೆಗಳು ಉಪಯುಕ್ತ. ಪರಿಣಾಮ ಕಾಣಲು ಕೆಲವು ವಾರಗಳು ಬೇಕು. ನಿರ್ದಿಷ್ಟ ಭೀತಿಗಳಲ್ಲಿ ಔಷಧದ ಪಾತ್ರ ಸಣ್ಣದು. ಒಡನೆಯೇ ಶಮನ ಕೊಡುವ ಕೆಲವು ಮಾತ್ರೆಗಳು ಚಟವಾಗಬಲ್ಲವು. ವೇದಿಕೆಯ ನಡುಕಕ್ಕೆಂದು ಕೆಲವರು ಕೇಳಿ ಪಡೆಯುವ ಪ್ರೊಪ್ರನೊಲಾಲ್ ಆಸ್ತಮಾ ಇದ್ದವರಿಗೆ ಅಪಾಯಕಾರಿ. ಆದ್ದರಿಂದ ವೈದ್ಯರ ಚೀಟಿಯಿಲ್ಲದೆ ಔಷಧದಂಗಡಿಯಲ್ಲಿ ಕೇಳಿ ನುಂಗುವುದು ತಪ್ಪು. ಪೂಜೆ, ಪ್ರಾರ್ಥನೆಗಳು ಅವರವರ ನಂಬಿಕೆಗೆ ಬಿಟ್ಟ ವಿಷಯ, ಚಿಕಿತ್ಸೆಗೆ ಅವು ಅಡ್ಡಿಯಲ್ಲ. ಆದರೆ ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಬರೆ ಹಾಕುವುದು ಹೆದರಿದವರ ಮೇಲೆ ಹಾವು ಎಸೆಯುವುದೇ ಸರಿ.

ನಮ್ಮ ನೆಲದಲ್ಲಿ ನೆರವು

ಮಾನಸಿಕ ಚಿಕಿತ್ಸೆ ದೊಡ್ಡ ನಗರಗಳಿಗೆ ಮೀಸಲೆಂದು ಹಲವರು ತಿಳಿದಿದ್ದಾರೆ. ಅದನ್ನು ಹಳ್ಳಿಗೆ ತರುವ ಪ್ರಯತ್ನದ ಇತಿಹಾಸದಲ್ಲಿ ಕನ್ನಡ ನಾಡಿಗೂ ನಮ್ಮ ಸೀಮೆಗೂ ಸ್ಥಾನವಿದೆ. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಸಾಮಾನ್ಯ ಮನೋರೋಗಗಳನ್ನು ಗುರುತಿಸಿ ಚಿಕಿತ್ಸೆ ಕೊಡುವ ತರಬೇತಿ ನೀಡಿತು. ಆ ‘ಬಳ್ಳಾರಿ ಮಾದರಿ’ಯನ್ನು ಆಧರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಅದಕ್ಕೆ ಮೊದಲು ಆಯ್ದ ನಾಲ್ಕು ಜಿಲ್ಲೆಗಳಲ್ಲಿ ಮೇದಕ್ ಒಂದು. ಇಂದು ಸಂಗಾರೆಡ್ಡಿ ಜಿಲ್ಲೆಗೆ ಸೇರಿರುವ ರಾಯಿಕೋಡ್, ಜಹೀರಾಬಾದ್, ನಾರಾಯಣಖೇಡಗಳು ಅಂದು ಆ ಜಿಲ್ಲೆಯಲ್ಲಿಯೇ ಇದ್ದವು.

ನಮ್ಮ ಸೀಮೆಯ ಭಾಷಾಸ್ಥಿತಿಯನ್ನೂ ಇಲ್ಲಿ ಗಮನಿಸಬೇಕು. 1956ರ ನವೆಂಬರ್ 1ಕ್ಕೆ ಮುನ್ನ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲೂಕುಗಳು ಬೀದರ್ ಜಿಲ್ಲೆಯಲ್ಲಿಯೂ ತಾಂಡೂರು ತಾಲೂಕು ಗುಲ್ಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಗಡಿ ಸರಿದರೂ ಮನೆಮಾತು ಉಳಿದಿದೆ. ಮನಸ್ಸಿನ ನೋವನ್ನು ಮನೆಮಾತಿನಲ್ಲಿ ಹೇಳಿದಷ್ಟು ಸರಿಯಾಗಿ ಬೇರೆ ಮಾತಿನಲ್ಲಿ ಹೇಳಲು ಬಾರದು. ಕನ್ನಡದ ‘ದಿಗಿಲು’ ಎಂದರೆ ಹಠಾತ್ತಾದ ಹೆದರಿಕೆ. ಇಂದಿನ ತೆಲುಗಿನಲ್ಲಿ ‘ದಿಗುಲು’ ಎಂದರೆ ಚಿಂತೆ, ಬೇಸರ. ಅಜ್ಜಿಯೊಬ್ಬಳು ‘ದಿಗಿಲಾಗತದ’ ಎಂದರೆ ತೆಲುಗು ಬಲ್ಲ ವೈದ್ಯರು ಬೇಸರವೆಂದು ಬರೆದುಕೊಳ್ಳಬಹುದು. ಅಳುಕು, ಅಂಜಿಕೆ, ಹೆದರಿಕೆ, ದಿಗಿಲು, ಗಾಬರಿ, ಭೀತಿ ಇವುಗಳ ನಡುವಿನ ಅರ್ಥಭೇದವನ್ನು ಬಲ್ಲ ಕನ್ನಡ ವಿದ್ಯಾರ್ಥಿ ಆ ಅಜ್ಜಿಯ ಜೊತೆ ಆಸ್ಪತ್ರೆಗೆ ಹೋದರೆ ಅದು ದೊಡ್ಡ ಸೇವೆ. ಎದೆ ಹೊಡೆದುಕೊಳ್ಳುತ್ತದೆಯೇ, ಎಲ್ಲಿ, ಯಾವಾಗ, ಅದಕ್ಕಾಗಿ ಏನನ್ನು ಬಿಟ್ಟಿದ್ದೀರಿ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಅಲ್ಲಿ ನೆರವು ದೊರೆಯುತ್ತದೆ. ಹೈದರಾಬಾದಿನ ಎರ್ರಗಡ್ಡದಲ್ಲಿ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ಸರಕಾರ ನಡೆಸುವ ಸೇವೆಗಳಿಂದ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಹೇಳುತ್ತದೆ. ಭೀತಿಯಿಂದ ಓದು ಅಥವಾ ಕೆಲಸ ನಿಂತಿದ್ದರೆ, ಅದನ್ನು ಮರೆಯಲು ಮದ್ಯದ ಮೊರೆಹೊಕ್ಕಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ತಡಮಾಡಕೂಡದು. ಎದೆನೋವು, ಉಸಿರಾಟದ ತೊಂದರೆ ಮೊದಲ ಸಲ ಬಂದಾಗ ಅದು ಭಯವೇ ಎಂದು ನಾವೇ ತೀರ್ಮಾನಿಸದೆ ದೇಹಪರೀಕ್ಷೆಯನ್ನೂ ಮಾಡಿಸಬೇಕು.

ಉಪಸಂಹಾರ

ಮನಸ್ಸಿನ ಕಾಯಿಲೆಗಳನ್ನು ಕನ್ನಡದಲ್ಲಿ ತಿಳಿಯಾಗಿ ಬರೆಯುವ ಪರಂಪರೆ ನಮ್ಮಲ್ಲಿದೆ. ‘ಕೊರವಂಜಿ’ಯ ಸಂಪಾದಕರೂ ವೈದ್ಯರೂ ಆಗಿದ್ದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಸಂದಿತು. ಮನೋವಿಜ್ಞಾನ ನಮ್ಮ ವಿಭಾಗಕ್ಕೆ ಹೊರಗಿನ ವಿಷಯವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಆರಂಭದ ವಿದ್ಯಾರ್ಥಿನಿಯ ಬಳಿಗೆ ಮರಳೋಣ. ಅವಳು ಮುಂದಿನ ತಿಂಗಳೇ ಗೋಷ್ಠಿಯಲ್ಲಿ ನಿರ್ಭಯವಾಗಿ ಮಾತನಾಡಬೇಕೆಂದು ನಾವು ಅಪೇಕ್ಷಿಸಬಾರದು. ಈ ವಾರ ಖಾಲಿ ತರಗತಿಯಲ್ಲಿ ಒಬ್ಬ ಗೆಳತಿಯ ಎದುರು ಒಂದು ಪುಟ ಓದಿದರೆ ಸಾಕು. ಕೇಳಲು ಕುಳಿತ ಗೆಳತಿ ನಗದೆ, ಅವಸರಪಡಿಸದೆ, ‘ಬಿಟ್ಟುಬಿಡು’ ಎಂದೂ ಹೇಳದೆ ಕೊನೆಯವರೆಗೆ ಕೇಳಿದರೆ ಸಾಕು. ಆ ಗೆಳತಿಯ ಸ್ಥಾನದಲ್ಲಿ ಕುಳಿತುಕೊಳ್ಳುವುದು ನಮ್ಮಲ್ಲಿ ಯಾರಿಗಾದರೂ ಸಾಧ್ಯ.

ಚರ್ಚೆಗೆ

1. ವಿವೇಕದ ಭಯಕ್ಕೂ ಭೀತಿರೋಗಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಊರಿನ ಒಂದು ಉದಾಹರಣೆಯೊಡನೆ ವಿವರಿಸಿರಿ.
2. ತಪ್ಪಿಸಿಕೊಳ್ಳುವುದರಿಂದ ಭಯ ಹೆಚ್ಚುವುದೇಕೆ?
3. ಭಯವನ್ನು ಸೂಚಿಸುವ ಪದ, ಗಾದೆ ಮತ್ತು ನುಡಿಗಟ್ಟುಗಳನ್ನು ನಿಮ್ಮ ಮನೆಯ ಹಿರಿಯರಿಂದ ಸಂಗ್ರಹಿಸಿ, ತೆಲುಗು ಮತ್ತು ದಖನಿಯ ಮಾತುಗಳೊಡನೆ ಹೋಲಿಸಿರಿ.
4. ನಿಮಗಿರುವ ಒಂದು ಸಣ್ಣ ಅಳುಕಿಗೆ ಎಂಟು ಮೆಟ್ಟಿಲುಗಳ ಏಣಿಯನ್ನು ರಚಿಸಿರಿ. ಇದನ್ನು ಯಾರಿಗೂ ತೋರಿಸಬೇಕಾಗಿಲ್ಲ.